ಹತ್ತು ಸಾವಿರ ಗಂಟೆಯ ಲೆಕ್ಕ ಮತ್ತು ಡ್ಯಾನ್‌ನ ಬೆನ್ನು

‘ಹತ್ತು ಸಾವಿರ ಗಂಟೆ ಬೆವರು ಸುರಿಸಿ, ಯಾವ ವಿದ್ಯೆಯಾದರೂ ಕೈವಶ’ ಅಂತ ವೇದಿಕೆ ಮೇಲೆ ನಿಂತು ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಕಾಲೇಜಿನ ಸಮಾರಂಭ, ಆಫೀಸಿನ ಟ್ರೇನಿಂಗ್, ಪಿಯುಸಿ ಮಕ್ಕಳ ಕೋಚಿಂಗ್ ಸೆಂಟರ್, ಎಲ್ಲಿ ಹೋದರೂ ಇದೇ ಮಾತು. ಹೇಳುವವರು ಯಾರೂ ಗಂಟೆ ಎಣಿಸಿ ನೋಡಿದಂತೆ ಕಾಣುವುದಿಲ್ಲ. ಎಣಿಸಿ ನೋಡಿದವನು ಒಬ್ಬನಿದ್ದಾನೆ: ಅಮೆರಿಕದ ಪೋರ್ಟ್‌ಲೆಂಡಿನ ಡ್ಯಾನ್ ಮೆಕ್‌ಲಾಫ್ಲಿನ್. ಅವನ ಕಥೆಯನ್ನು ‘ಪ್ರತಿಭೆ ಇಲ್ಲದಿದ್ದರೆ ಎಷ್ಟು ಒದ್ದಾಡಿದರೂ ಅಷ್ಟೇ’ ಎನ್ನುವುದಕ್ಕೆ ಸಾಕ್ಷಿಯಾಗಿ ಹಂಚುವವರಿದ್ದಾರೆ. ಆ ಓದು ನನಗೆ ಒಪ್ಪಿಗೆಯಿಲ್ಲ, ಅದಕ್ಕೇ ಈ ಉದ್ದದ ಪೋಸ್ಟ್.

ಡ್ಯಾನ್ ದಂತವೈದ್ಯರ ಸಲಕರಣೆಗಳ ಫೋಟೊ ತೆಗೆದು ಬದುಕುತ್ತಿದ್ದ ಫೋಟೊಗ್ರಾಫರ್. ಮೂವತ್ತು ವರ್ಷ ತುಂಬಿತ್ತು, ಗಾಲ್ಫಿನಲ್ಲಿ ಪೂರ್ತಿ 18 ಹೋಲ್ (ಅಂದರೆ ಒಂದು ಸುತ್ತು) ಆಡಿದವನೇ ಅಲ್ಲ. 2010ರ ಏಪ್ರಿಲ್‌ನಲ್ಲಿ ಕೆಲಸ ಬಿಟ್ಟು, ಕೂಡಿಟ್ಟ ದುಡ್ಡನ್ನು ನೆಚ್ಚಿಕೊಂಡು, ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿ ಅಮೆರಿಕದ ವೃತ್ತಿಪರ ಗಾಲ್ಫಿಗರ ಅಗ್ರ ಟೂರ್ನಿ ಸರಣಿಯಾದ ಪಿಜಿಎ ಟೂರ್ ಸೇರುತ್ತೇನೆ ಅಂತ ಹೊರಟ. ‘ದಿ ಡ್ಯಾನ್ ಪ್ಲಾನ್’ ಅಂತ ಹೆಸರಿಟ್ಟು, ಇನ್ನೆಷ್ಟು ಗಂಟೆ ಬಾಕಿ ಅಂತ ಎಲ್ಲರಿಗೂ ಕಾಣುವ ಹಾಗೆ ಲೆಕ್ಕ ಹಾಕುತ್ತ ಹೋದ. ವಾರಕ್ಕೆ ಮೂವತ್ತು ಗಂಟೆಗೂ ಹೆಚ್ಚು.

ಶುರು ಮಾಡಿದ ರೀತಿ ನನಗೆ ಬಹಳ ಇಷ್ಟ. ಬೆಂಗಳೂರಿನ ಯಾವ ಡ್ರೈವಿಂಗ್ ರೇಂಜಿಗೆ ಹೋದರೂ ಹೊಸಬರು ಒಂದು ಬಕೆಟ್ ಚೆಂಡು ತಗೊಂಡು ನೇರವಾಗಿ ಅತಿ ದೂರ ಹೊಡೆಯುವ ಕೋಲು ಡ್ರೈವರ್‌ಗೇ ಕೈ ಹಾಕುತ್ತಾರೆ. ಠಣ್ ಅಂತ ಸದ್ದಾಗಬೇಕು, ಚೆಂಡು ಬಲೆಗೆ ಬಡಿಯಬೇಕು. (ನಾನೂ ಅದೇ ಜಾತಿ. ಮೂರು ಬಲಕ್ಕೆ ಸ್ಲೈಸ್, ಒಂದು ನೆಟ್ಟಗೆ, ಆ ಒಂದನ್ನು ನೆನೆಸಿಕೊಂಡೇ ಮನೆಗೆ.) ಡ್ಯಾನ್ ಉಲ್ಟಾ ಹೋದ. ಕುಳಿಯ ಪಕ್ಕದಿಂದ ಶುರುಮಾಡಿ ಹಿಂದಕ್ಕೆ ಸರಿಯುತ್ತ ಬಂದ. ಮೊದಲ ಕೆಲವು ತಿಂಗಳು ಕೈಯಲ್ಲಿ ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಒಂದೇ. ಒಂದಡಿ, ಮೂರಡಿ, ಮತ್ತೆ ಮೂರಡಿ. ಆಮೇಲೆ ಚಿಪ್ಪಿಂಗ್ (ಹತ್ತಿರದಿಂದ ಚೆಂಡು ಎತ್ತಿ ಹಾಕುವುದು), ಆಮೇಲೆ ನಡುದೂರದ ಐರನ್‌ಗಳು, ಡ್ರೈವರ್ ಸರದಿ ಎಲ್ಲಕ್ಕಿಂತ ಕೊನೆಗೆ.

ಪಟಿಂಗ್ ಅಂದರೆ ಮಕ್ಕಳಾಟ ಅಂದುಕೊಂಡವರಿಗೆ ಒಂದು ಸಣ್ಣ ಲೆಕ್ಕ. ಕುಳಿಯ ಅಗಲ ನಾಲ್ಕೂಕಾಲು ಇಂಚು. ನೀವು ಹತ್ತಡಿ ದೂರದಲ್ಲಿದ್ದೀರಿ. ಹೊಡೆದ ಚೆಂಡು ಒಂದೇ ಒಂದು ಡಿಗ್ರಿ ಪಕ್ಕಕ್ಕೆ ಹೊರಟರೂ ಕುಳಿ ಮುಟ್ಟುವಷ್ಟರಲ್ಲಿ ನಡುವಿನಿಂದ ಎರಡು ಇಂಚು ಆಚೆ. ಅಂದರೆ ಅಂಚಿನ ಮೇಲೆ. ಬಿದ್ದರೆ ಬಿತ್ತು, ಇಲ್ಲದಿದ್ದರೆ ಅಂಚು ಸವರಿಕೊಂಡು ಹೊರಗೆ. ಇನ್ನು ಹುಲ್ಲಿನ ಇಳಿಜಾರು, ಗ್ರೀನಿನ (ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸು) ವೇಗ ಬೇರೆ. ಮೂವತ್ತರ ಮನುಷ್ಯ ಇದನ್ನೇ ದಿನಗಟ್ಟಲೆ ಮಾಡುತ್ತ ಕೂತ ಅನ್ನುವುದಕ್ಕೇ ನನ್ನದೊಂದು ಸಲಾಂ.

ಕೊನೆಗೆ ಎಲ್ಲಿಗೆ ಮುಟ್ಟಿದ? ಅವನ ಅತ್ಯುತ್ತಮ ಹ್ಯಾಂಡಿಕ್ಯಾಪ್ 2.6. ಗಾಲ್ಫ್ ಆಡದವರಿಗೆ ಹೇಳುವುದಾದರೆ, ಹ್ಯಾಂಡಿಕ್ಯಾಪ್ ಕಡಿಮೆ ಇದ್ದಷ್ಟೂ ಆಟಗಾರ ಗಟ್ಟಿ. ವಾರಾಂತ್ಯಕ್ಕೆ ಆಡುವ ನಮ್ಮಂಥವರು ಇಪ್ಪತ್ತರ ಆಸುಪಾಸಿನಲ್ಲಿದ್ದರೆ ಬೀಗುತ್ತೇವೆ. ಸೊನ್ನೆ ಇದ್ದರೆ ‘ಸ್ಕ್ರ್ಯಾಚ್ ಪ್ಲೇಯರ್’. ಆಟ ಮುಟ್ಟದೇ ಮೂವತ್ತಕ್ಕೆ ಬಂದವನು ಐದು ವರ್ಷದೊಳಗೆ 2.6 ಅಂದರೆ ಯಾವ ಕ್ಲಬ್ಬಿನಲ್ಲಾದರೂ ಜನ ತಿರುಗಿ ನೋಡುತ್ತಾರೆ. ಆದರೆ ಟೂರ್‌ನಲ್ಲಿ ಆಡುವವರು ಸೊನ್ನೆಗಿಂತಲೂ ಉತ್ತಮ, ಅದನ್ನು ಪ್ಲಸ್ ನಾಲ್ಕು, ಪ್ಲಸ್ ಐದು ಅಂತ ಬರೆಯುತ್ತಾರೆ. ಅಂದರೆ ಒಂದು ಸುತ್ತಿಗೆ ಏಳು ಹೊಡೆತದ ಅಂತರ, ನಾಲ್ಕು ದಿನದ ಟೂರ್ನಿಗೆ ಇಪ್ಪತ್ತೆಂಟು. ಮೇಲಾಗಿ ಹ್ಯಾಂಡಿಕ್ಯಾಪ್ ತೆಗೆಯುವುದು ನಮ್ಮ ಒಳ್ಳೆಯ ಸ್ಕೋರುಗಳಿಂದ. ಆಗಿನ ನಿಯಮದಲ್ಲಿ ಕಳೆದ ಇಪ್ಪತ್ತರಲ್ಲಿ ಒಳ್ಳೆಯ ಹತ್ತು. ಎಲ್ಲ ದಿನದ ಸರಾಸರಿ ಆಟ ಅದಕ್ಕಿಂತ ಕಳಪೆಯೇ ಇರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ 50 ತೆಗೆಯುವ ಹುಡುಗ 80ಕ್ಕೆ ಬರುವುದು ಒಂದು ಶ್ರಮ, 95 ತೆಗೆಯುವವನು 99ಕ್ಕೆ ಏರುವುದು ಬೇರೆಯದೇ ಶ್ರಮ. ಡ್ಯಾನ್ ಮೊದಲನೆಯದನ್ನು ಮುಗಿಸಿ ಎರಡನೆಯದರ ಬಾಗಿಲಲ್ಲಿ ನಿಂತಿದ್ದ.

ಆ ಬಾಗಿಲೂ ಅವನು ನಡೆಯುತ್ತಿದ್ದಾಗಲೇ ಮುಚ್ಚಿತು. 2012ರ ತನಕ ಕ್ಯೂ-ಸ್ಕೂಲ್ ಎಂಬ ಅರ್ಹತಾ ಟೂರ್ನಿಯಲ್ಲಿ ಗೆದ್ದು ಬಂದವರಿಗೆ ನೇರ ಪಿಜಿಎ ಟೂರ್ ಕಾರ್ಡ್ (ಆಡುವ ಅರ್ಹತೆ) ಸಿಗುತ್ತಿತ್ತು. 2013ರಿಂದ ಅದು ಕೆಳಗಿನ ಟೂರ್‌ಗೆ ಮಾತ್ರ. 2023ರಲ್ಲಿ ಮತ್ತೆ ನೇರ ದಾರಿ ತೆರೆದಾಗಲೂ ಮೊದಲ ಐದು ಸ್ಥಾನದವರಿಗಷ್ಟೇ.

ಈಗ ಈ ಹತ್ತು ಸಾವಿರದ ಮೂಲಕ್ಕೆ ಬರೋಣ. 1993ರಲ್ಲಿ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಸಂಗೀತ ಶಾಲೆಯ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅತ್ಯುತ್ತಮರು ಇಪ್ಪತ್ತನೇ ವಯಸ್ಸಿಗೆ ಸರಾಸರಿ ಹತ್ತು ಸಾವಿರ ಗಂಟೆ ಒಬ್ಬರೇ ಕೂತು ಸಾಧನೆ ಮಾಡಿದ್ದರು. ಸರಾಸರಿ ಅನ್ನುವುದನ್ನು ಗಮನಿಸಿ. ಆ ಅತ್ಯುತ್ತಮರಲ್ಲೇ ಅರ್ಧದಷ್ಟು ಜನ ಆ ವಯಸ್ಸಿಗೆ ಅಷ್ಟು ಗಂಟೆ ಮುಟ್ಟಿರಲಿಲ್ಲ ಅಂತ ಎರಿಕ್ಸನ್ನರೇ ಆಮೇಲೆ ಬರೆದಿದ್ದಾರೆ. 2008ರಲ್ಲಿ ಲೇಖಕ ಮಾಲ್ಕಮ್ ಗ್ಲ್ಯಾಡ್‌ವೆಲ್ ಅದನ್ನು ಜನಪ್ರಿಯ ಮಾಡಿದರು, ಅಲ್ಲಿಂದ ಅದು ನಿಯಮವಾಗಿಬಿಟ್ಟಿತು. 2014ರಲ್ಲಿ ಸಂಶೋಧಕಿ ಬ್ರೂಕ್ ಮ್ಯಾಕ್‌ನಮಾರಾ ಮತ್ತಿತರರು ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ, ಕ್ರೀಡಾಪಟುಗಳ ನಡುವಿನ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ಶೇ 18. ಅಭ್ಯಾಸ ಅಂತ ಯಾವುದನ್ನು ಕರೆಯಬೇಕು ಅಂತ ಎರಿಕ್ಸನ್ ಜಗಳ ತೆಗೆದರು. ನನಗೆ ಅವರ ತಕರಾರಿನಲ್ಲೂ ಹುರುಳಿದೆ ಅನ್ನಿಸುತ್ತದೆ. ಆದರೆ ಉಳಿದದ್ದನ್ನೆಲ್ಲ ‘ಪ್ರತಿಭೆ’ ಅಂತ ಒಂದೇ ಪೊಟ್ಟಣಕ್ಕೆ ಕಟ್ಟುವುದೂ ಸೋಮಾರಿತನವೇ. ಅದರಲ್ಲಿ ಶುರುಮಾಡಿದ ವಯಸ್ಸಿದೆ, ಮೈಕಟ್ಟಿದೆ, ಗುರು ಇದ್ದಾರೆ, ಮನೆಯಲ್ಲಿ ದುಡ್ಡಿದೆ.

ಹಾಗಂತ ತಡವಾಗಿ ಶುರುಮಾಡಿದವರಿಗೆ ದಾರಿಯೇ ಇಲ್ಲ ಅಂತಲ್ಲ. ಲ್ಯಾರಿ ನೆಲ್ಸನ್ ವಿಯೆಟ್ನಾಂ ಯುದ್ಧದಿಂದ ಬಂದಮೇಲೆ ಇಪ್ಪತ್ತೊಂದರಲ್ಲಿ ಕ್ಲಬ್ ಹಿಡಿದು ಮೂರು ಮೇಜರ್ (ಗಾಲ್ಫಿನ ಅತಿ ದೊಡ್ಡ ಟೂರ್ನಿಗಳು) ಗೆದ್ದರು. ಕೊರಿಯಾದ ವೈ.ಇ. ಯಾಂಗ್ ಹತ್ತೊಂಬತ್ತಕ್ಕೆ ಶುರುಮಾಡಿ, 2009ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಕೊನೆಯ ದಿನ ಟೈಗರ್ ವುಡ್ಸ್‌ರನ್ನೇ ಹಿಂದಿಕ್ಕಿದರು. ಇಪ್ಪತ್ತಕ್ಕೂ ಮೂವತ್ತಕ್ಕೂ ನಡುವೆ ಏನಾಗುತ್ತದೆ ಅಂದರೆ, ನನ್ನ ಮಟ್ಟಿಗೆ ಉತ್ತರ ಸೊಂಟದಲ್ಲಿದೆ. ಗಾಲ್ಫ್ ಸ್ವಿಂಗ್ ಅಂದರೆ ಬೆನ್ನುಮೂಳೆಯನ್ನು ತಿರುಚಿ, ಒಮ್ಮೆಗೇ ಬಿಚ್ಚುವುದು. ದಿನಕ್ಕೆ ನೂರಾರು ಸಲ, ಯಾವಾಗಲೂ ಒಂದೇ ಕಡೆಗೆ. 2015ರಲ್ಲಿ, ಆರು ಸಾವಿರ ಗಂಟೆ ದಾಟಿದಮೇಲೆ, ಡ್ಯಾನ್‌ನನ್ನು ನಿಲ್ಲಿಸಿದ್ದು ಬೆನ್ನುನೋವು. ಹತ್ತು ಸಾವಿರದ ಪ್ರಯೋಗ ಸುಳ್ಳು ಅಂತ ಇದರಿಂದ ಸಾಬೀತಾಗಲಿಲ್ಲ, ನಿಜ ಅಂತಲೂ ಆಗಲಿಲ್ಲ. ಪ್ರಯೋಗ ಮುಗಿಯಲೇ ಇಲ್ಲ. ಮುಗಿದಿದ್ದರೂ ಒಬ್ಬ ಮನುಷ್ಯನ ಮೇಲೆ ಮಾಡಿದ ಪರೀಕ್ಷೆಯಿಂದ ಜಗತ್ತಿಗೆಲ್ಲ ನಿಯಮ ಬರೆಯಲು ಆಗುತ್ತಿರಲಿಲ್ಲ.

ಗಂಟೆ ಎಣಿಸದೆ ಬಂದವರೂ ಇದ್ದಾರೆ. ನಮ್ಮ ಗಾಲ್ಫ್ ಆಟಗಾರ ಚಿಕ್ಕರಂಗಪ್ಪ ಬಿಡದಿಯ ಈಗಲ್‌ಟನ್ ಗಾಲ್ಫ್ ಕೋರ್ಸಿನ ಪಕ್ಕದ ಹಳ್ಳಿಯ ಹುಡುಗ. ಅಲ್ಲೇ ಚೆಂಡು ಹೆಕ್ಕಿಕೊಡುತ್ತ ಆಟ ಕಲಿತು, ವೃತ್ತಿಪರ ಆಟಗಾರರಾದರು. ಚೆಂಡು ಹೆಕ್ಕುತ್ತ ದೊಡ್ಡವರ ಸ್ವಿಂಗ್ ನೋಡಿದ ಹೊತ್ತು ಯಾವ ಖಾತೆಗೆ? ಕೆಲಸ ಬಿಟ್ಟು, ಉಳಿತಾಯ ಕರಗಿಸಿ, ಗಂಟೆ ಗುರುತು ಹಾಕಿಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ ಅನ್ನುವುದನ್ನು ವೇದಿಕೆ ಭಾಷಣಕಾರರು ಹೇಳುವುದೇ ಇಲ್ಲ.

ಡ್ಯಾನ್ ಆಮೇಲೆ ಪೋರ್ಟ್‌ಲೆಂಡಿನಲ್ಲೇ ಸೋಡಾ ತಯಾರಿಕೆಗೆ ಇಳಿದ. ಬೆನ್ನು ಕೈಕೊಡದೆ ಉಳಿದ ಗಂಟೆಗಳೂ ಮುಗಿದಿದ್ದರೆ ಸ್ಕ್ರ್ಯಾಚ್ ತನಕ ಖಂಡಿತ ಬರುತ್ತಿದ್ದ, ಟೂರ್ ಕಾರ್ಡ್ ಸಿಗುತ್ತಿರಲಿಲ್ಲ, ಇದು ನನ್ನ ಅಂದಾಜು. ನನ್ನ ಫ್ರೆಂಡ್ ಲಿಸ್ಟಿನಲ್ಲಿ ಸಿಂಗಲ್ ಹ್ಯಾಂಡಿಕ್ಯಾಪ್‌ನವರು (ಹತ್ತಕ್ಕಿಂತ ಕಡಿಮೆ ಇರುವವರು) ಮೂರು ನಾಲ್ಕು ಜನ ಇದ್ದೀರಿ. ಯಾವ ವಯಸ್ಸಿಗೆ ಶುರುಮಾಡಿದಿರಿ, ಹತ್ತರಿಂದ ಐದಕ್ಕೆ ಇಳಿಯಲು ಎಷ್ಟು ವರ್ಷ ಹಿಡಿಯಿತು, ಬೆನ್ನು ಹೇಗಿದೆ, ಕಾಮೆಂಟಿನಲ್ಲಿ ಬರೆಯಿರಿ. ಡ್ರೈವರ್ ಎಷ್ಟು ಗಜ ಹೋಗುತ್ತದೆ ಅಂತ ಮಾತ್ರ ಹೇಳಬೇಡಿ, ಅದರಲ್ಲಿ ಯಾರೂ ನಿಜ ಹೇಳುವುದಿಲ್ಲ.