ಕಡತದ ಹೆಸರನ್ನು ಅರ್ಧ ಮಾತ್ರ ತೋರಿಸುವುದು ಏಕೆ?

ಇಂದು ಜೆರಾಕ್ಸ್ ಅಂಗಡಿಯಲ್ಲಿ ಕಂಡದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಪದವಿ ಓದುವ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿಗೆ ಪತ್ರವೊಂದನ್ನು ಸೇರಿಸಲು ಹೆಣಗುತ್ತಿದ್ದಳು. ಪಿಡಿಎಫ್ ಮಾತ್ರ ನಡೆಯುತ್ತದೆ ಎಂದು ಜಾಲತಾಣ ಹೇಳುತ್ತಿತ್ತು. ಅವಳ ಕಡತದ ಹೆಸರೂ ಪರದೆಯ ಮೇಲೆ ‘ಪತ್ರ.ಪಿಡಿಎಫ್’ ಎಂದೇ ಇತ್ತು. ಆದರೂ ಅಪ್‌ಲೋಡ್ ಆಗುತ್ತಿರಲಿಲ್ಲ. “ಸರ್ವರ್ ಸರಿಯಿಲ್ಲ, ನಾಳೆ ಬಾರಮ್ಮ” ಎಂದರು ಅಂಗಡಿಯವರು.

ಸರ್ವರ್ ಸರಿಯಾಗಿಯೇ ಇತ್ತು. ಅವಳು ವರ್ಡ್‌ನಲ್ಲಿ ಬರೆದ ಪತ್ರದ ಹೆಸರು ಬದಲಿಸಿ, ಕೊನೆಗೆ ಪಿಡಿಎಫ್ ಎಂದು ಸೇರಿಸಿದ್ದಳು. ಕಡತದ ಪೂರ್ತಿ ಹೆಸರು ‘ಪತ್ರ.ಪಿಡಿಎಫ್.ಡಾಕ್ಸ್’. ವರ್ಡ್ ಕಡತದ ಗುರುತಾದ ಕೊನೆಯ ಡಾಕ್ಸ್ ಅನ್ನು ವಿಂಡೋಸ್ ಮರೆಮಾಡಿತ್ತು. ಕಾಣದೇ ಇರುವುದನ್ನು ಆ ಮಗು ಹೇಗೆ ತಿದ್ದಬೇಕು? ವರ್ಡ್‌ನಲ್ಲಿ ತೆರೆದು, ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆರಿಸಿದ ಮೇಲೆ ಕೆಲಸ ಆಯಿತು. ಹೆಸರು ಬದಲಿಸಿದರೆ ಒಳಗಿನ ಸರಕು ಬದಲಾಗುವುದಿಲ್ಲ. ಹೆಸರಿನ ಕೊನೆಯ ಚುಕ್ಕೆಯ ನಂತರ ಬರುವ ಈ ಎಕ್ಸ್‌ಟೆನ್ಶನ್ ಎಂಬುದು ಯಾವ ಪ್ರೋಗ್ರಾಂ ಅದನ್ನು ತೆರೆಯಬೇಕೆಂದು ವಿಂಡೋಸ್‌ಗೆ ಹೇಳುವ ಗುರುತು ಮಾತ್ರ.

ಆ ಗುರುತನ್ನೇ ಬಚ್ಚಿಡುವ ಚಾಳಿ ವಿಂಡೋಸ್ 95ರಿಂದ ನಡೆದುಬಂದಿದೆ. ಔಷಧದ ಸೀಸೆಯ ಮೇಲಿನ ಚೀಟಿ ಕಿತ್ತು ಮಾರಿದರೆ ಸುಮ್ಮನಿರುತ್ತೇವೆಯೇ? 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ವೈರಸ್ ಲೋಕವನ್ನೆಲ್ಲ ಕಾಡಿದ್ದು ಇದೇ ಸಂದಿಯಲ್ಲಿ ನುಸುಳಿ. ಇ-ಮೇಲ್‌ನಲ್ಲಿ ಬಂದ ಪ್ರೇಮಪತ್ರದ ಹೆಸರು ‘.ಟಿಎಕ್ಸ್‌ಟಿ.ವಿಬಿಎಸ್’ ಎಂದು ಮುಗಿಯುತ್ತಿತ್ತು. ವಿಬಿಎಸ್ ಕಾಣದ್ದರಿಂದ ಬರಿಯ ಪಠ್ಯವೆಂದು ನಂಬಿ ಜನ ತೆರೆದರು. ಓಡಿದ್ದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆ ಕೊಡುವ ಪುಟ್ಟ ಪ್ರೋಗ್ರಾಂ.

ಸಾಮಾನ್ಯರಿಗೆ ಇದೆಲ್ಲ ಏಕೆ, ಎಕ್ಸ್‌ಟೆನ್ಶನ್ ಕಂಡರೆ ಅಳಿಸಿ ಕಡತ ಕೆಡಿಸಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಳಿಸಲು ಹೋದರೆ ವಿಂಡೋಸ್ ಎಚ್ಚರಿಸುತ್ತದೆ, ಅಳಿಸಿದರೂ ಮತ್ತೆ ಬರೆದರೆ ಕಡತ ಮೊದಲಿನಂತೆಯೇ ತೆರೆದುಕೊಳ್ಳುತ್ತದೆ. ನೋಡದೆ ಬೆಳೆದದ್ದರ ನಷ್ಟವೇ ದೊಡ್ಡದು. ಈಗ ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ಹೇಳಿಕೊಂಡು ಎಪಿಕೆ ಕಡತಗಳು ಬರುತ್ತಿವೆ. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಕಡತ. ಕರೆಯೋಲೆಯಾದರೆ ಜೆಪಿಜಿ ಚಿತ್ರ ಅಥವಾ ಪಿಡಿಎಫ್ ಆಗಿರಬೇಕಿತ್ತು. ಅಲ್ಲಿ ಎಪಿಕೆ ಎಂದು ಕಾಣುತ್ತಲೇ ಇರುತ್ತದೆ, ಆದರೆ ಅದನ್ನು ಓದುವ ಅಭ್ಯಾಸವನ್ನೇ ನಮ್ಮ ಜನರಿಗೆ ಯಾರೂ ಮಾಡಿಸಲಿಲ್ಲ. ಒತ್ತಿ, ಅನುಮತಿ ಕೊಟ್ಟು, ಬ್ಯಾಂಕಿನ ಹಣ ಕಳೆದುಕೊಂಡವರು ದಡ್ಡರಲ್ಲ.

ನಾನು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಕಂಪ್ಯೂಟರಿನ ಪಿತಾಮಹ ಯಾರು ಎಂದು ಮಕ್ಕಳಿಂದ ಉರು ಹೊಡೆಸುತ್ತೇವೆ. ಹಾಡಿನ ಎಂಪಿ3, ಹಲವು ಕಡತಗಳನ್ನು ಒಟ್ಟಿಗೆ ಕಟ್ಟಿಡುವ ಜಿಪ್, ಪ್ರೋಗ್ರಾಂ ಓಡಿಸುವ ಇಎಕ್ಸ್‌ಇ ಇವುಗಳಲ್ಲಿ ಯಾವುದನ್ನು ನಿಶ್ಚಿಂತೆಯಿಂದ ತೆರೆಯಬಹುದು, ಯಾವುದಕ್ಕೆ ಹೆದರಬೇಕು ಎಂದು ಹೇಳಿಕೊಡಲು ಒಂದು ಪಿರಿಯಡ್ ಸಾಕು. ಆ ಒಂದು ಪಿರಿಯಡ್ ಪಠ್ಯದಲ್ಲಿ ಬೇಕು ಎಂದು ಕೇಳಿ ಕೇಳಿ ನನಗೆ ಬೇಸರ ಬಂದಿದೆ.

ನಿಮ್ಮ ಮನೆಯಲ್ಲಿ ವಿಂಡೋಸ್ 11 ಇದ್ದರೆ ಈಗಲೇ ಫೈಲ್ ಎಕ್ಸ್‌ಪ್ಲೋರರ್ ತೆರೆಯಿರಿ. ‘ವ್ಯೂ’, ಅದರೊಳಗೆ ‘ಶೋ’, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಒತ್ತಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.