ಉಪವಾಸ ಕುಳಿತ ಸಂಸದನ ಬಗ್ಗೆ ನನ್ನ ತಕರಾರು

ಫ್ರಾನ್ಸಿನಲ್ಲಿ ಮಾಜಿ ಸಂಸದ ಜಾನ್ ಲಸಾಲ್ ಹೆಸರೆತ್ತಿದರೆ ನಗುವವರೇ ಹೆಚ್ಚು. ನನಗೆ ಅವರ ಮೇಲೆ ಅಕ್ಕರೆಯೂ ಇದೆ, ಗಟ್ಟಿ ತಕರಾರೂ ಇದೆ.

ಪಿರೆನೀಸ್ ಬೆಟ್ಟಗಳ ಲುರ್ದಿಯೋ-ಇಶೇರ್ ಎಂಬ ಪುಟ್ಟ ಹಳ್ಳಿಯ ಕುರಿಗಾಹಿ ಮನೆತನದವರು ಅವರು. 1977ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ, ಊರಿನ ಮೇಯರ್ ಆದರು; ಆ ಕುರ್ಚಿ ಬಿಟ್ಟಿದ್ದು 2017ರಲ್ಲಿ. 2002ರಿಂದ 2022ರವರೆಗೆ ರಾಷ್ಟ್ರೀಯ ಅಸೆಂಬ್ಲಿಯ, ಅಂದರೆ ಫ್ರೆಂಚ್ ಸಂಸತ್ತಿನ ಕೆಳಮನೆಯ, ಸದಸ್ಯರು. ಸದಸ್ಯರಾದ ಮರುವರ್ಷವೇ, ತಮ್ಮ ಕಣಿವೆಯ ಸುರಂಗದ ಬಳಿ ಇದ್ದ ಪೊಲೀಸರನ್ನು ಬೇರೆಡೆಗೆ ಕಳಿಸುವುದನ್ನು ವಿರೋಧಿಸಿ, ಗೃಹಸಚಿವ ಸರ್ಕೋಜಿಯವರ ಎದುರೇ ಎದ್ದುನಿಂತು ದಕ್ಷಿಣ ಫ್ರಾನ್ಸಿನ ಆಕ್ಸಿಟಾನ್ ಭಾಷೆಯ ಜನಪದ ಗೀತೆಯೊಂದನ್ನು ಗಟ್ಟಿಯಾಗಿ ಹಾಡಿದರು. ಗಣರಾಜ್ಯದ ಭಾಷೆ ಫ್ರೆಂಚ್ ಎಂದು ಸಂವಿಧಾನದಲ್ಲೇ ಬರೆದುಕೊಂಡಿರುವ ದೇಶದ ಸದನ ಅದು! ಅಲ್ಲಿಯವರೆಗೆ ನಾನು ಪೂರ್ತಿ ಅವರ ಪಕ್ಷ.

ತಕರಾರು ಶುರುವಾಗುವುದು 2006ರಲ್ಲಿ. ಅವರ ಕ್ಷೇತ್ರದ ಅಕೂಸ್‌ನಲ್ಲಿ ಜಪಾನಿ ಮಾಲೀಕತ್ವದ ಟೋಯಲ್ ಎಂಬ ಅಲ್ಯೂಮಿನಿಯಂ ಕಾರ್ಖಾನೆ. ಸುಮಾರು ನೂರೈವತ್ತು ಮಂದಿಗೆ ಅದೇ ಅನ್ನ. ಕಂಪನಿ ತನ್ನ ಹೊಸ ಘಟಕವನ್ನು ಅರವತ್ತೈದು ಕಿಲೋಮೀಟರ್ ದೂರದ ಲಾಕ್‌ನಲ್ಲಿ ಕಟ್ಟಲು ಹೊರಟಿತು. ಇವತ್ತು ಹೊಸ ಘಟಕ ಹೋದರೆ ನಾಳೆ ಇಡೀ ಕಾರ್ಖಾನೆಯೇ ಹೋಗುತ್ತದೆ ಎಂಬುದು ಲಸಾಲ್ ಅವರ ಆತಂಕ. ಮಾರ್ಚ್ 7ರಂದು ಪ್ಯಾರಿಸ್ಸಿನಲ್ಲಿ ಅಸೆಂಬ್ಲಿಯ ಮೊಗಸಾಲೆಯಲ್ಲೇ ಉಪವಾಸ ಕುಳಿತರು. ಪತ್ರಕರ್ತರು ಸಚಿವರಿಗಾಗಿ ಕಾಯುವ ಜಾಗವದು. ದಿನದಿನಕ್ಕೂ ಸೊರಗುತ್ತಿದ್ದ ಆ ದೇಹವನ್ನು ದಾಟಿಕೊಂಡೇ ಎಲ್ಲರೂ ಸದನಕ್ಕೆ ಹೋಗಬೇಕಿತ್ತು. ಮೂವತ್ತೊಂಬತ್ತು ದಿನ. ಇಪ್ಪತ್ತು ಕಿಲೋಗೂ ಹೆಚ್ಚು ತೂಕ ಇಳಿಯಿತು, ಕೊನೆಗೆ ಆಸ್ಪತ್ರೆ. ಸರ್ಕಾರ ಓಡಾಡಿತು, ಕಂಪನಿ ಬಗ್ಗಿತು, ಲಾಕ್ ಯೋಜನೆ ಕೈಬಿಟ್ಟಿತು.

ಗೆದ್ದರು, ನಿಜ. ಆದರೆ ಲಾಕ್ ಎಲ್ಲಿದೆ? ಅದೇ ಜಿಲ್ಲೆಯಲ್ಲಿ. 1951ರಲ್ಲಿ ಸಿಕ್ಕ ಅನಿಲ ನಿಕ್ಷೇಪ ಬರಿದಾಗುತ್ತಿದ್ದ, ಹೊಸ ಉದ್ಯಮಗಳಿಗೆ ಬಾಯಿಬಿಡುತ್ತಿದ್ದ ಊರದು. ಅಲ್ಲಿನ ಕೆಲಸಗಾರರ ಪರವಾಗಿ ಯಾರೂ ಊಟ ಬಿಡಲಿಲ್ಲ. ಸಂಸದರಿಗೆ ಮತದಾರರ ಕಟ್ಟಪ್ಪಣೆ ಅನ್ವಯಿಸುವುದಿಲ್ಲ ಎಂದು ಫ್ರೆಂಚ್ ಸಂವಿಧಾನದ 27ನೇ ವಿಧಿ ಹೇಳುತ್ತದೆ. ಗೆದ್ದ ಮೇಲೆ ಆತ ಇಡೀ ದೇಶದ ಪ್ರತಿನಿಧಿ. ಲಸಾಲ್ ಮಾತ್ರ ಒಂದೇ ಕಣಿವೆಯ ವಕೀಲರಾದರು.

ಅವರನ್ನು ಸಮರ್ಥಿಸುವವರ ಮಾತಿನಲ್ಲೂ ಹುರುಳಿದೆ. ಐದನೇ ಗಣರಾಜ್ಯದಲ್ಲಿ, ಅಂದರೆ ಫ್ರಾನ್ಸಿನ ಈಗಿನ ಸಂವಿಧಾನದ ವ್ಯವಸ್ಥೆಯಲ್ಲಿ, ಅಧ್ಯಕ್ಷ ಮತ್ತು ಸರ್ಕಾರದ್ದೇ ದರ್ಬಾರು. ಪ್ರಧಾನಿ ಮನಸ್ಸು ಮಾಡಿದರೆ 49ನೇ ವಿಧಿ ಹಿಡಿದು ಮತದಾನವಿಲ್ಲದೆಯೇ ಮಸೂದೆ ಪಾಸು ಮಾಡಿಸಿಕೊಳ್ಳಬಹುದು. ತಡೆಯಬೇಕೆಂದರೆ ಸರ್ಕಾರವನ್ನೇ ಉರುಳಿಸಬೇಕು. 577 ಜನರ ನಡುವೆ ಒಬ್ಬ ಬೆಟ್ಟದ ಮನುಷ್ಯ ಪ್ರಶ್ನೆ ಕೇಳಿ ಏನು ಸಾಧಿಸಿಯಾನು? ಇದನ್ನು ನಾನು ಒಪ್ಪುತ್ತೇನೆ. ಆದರೆ ಗೆದ್ದ ಉಪವಾಸ ಅವರಿಗೆ ಕಲಿಸಿದ ಪಾಠ ಕೆಟ್ಟದ್ದು: ಕಾನೂನಿಗಿಂತ ಪ್ರದರ್ಶನವೇ ಫಲ ಕೊಡುತ್ತದೆ ಎಂದು. 2013ರಲ್ಲಿ ತಿಂಗಳುಗಟ್ಟಲೆ ಫ್ರಾನ್ಸ್ ಸುತ್ತ ಕಾಲ್ನಡಿಗೆ ಮಾಡಿ ಜನರ ಅಳಲು ಕೇಳಿದರು, ಅದು ಚೆನ್ನಾಗಿತ್ತು. 2017ರ ಜನವರಿಯಲ್ಲಿ ಸಿರಿಯಾಕ್ಕೆ ಹೋಗಿ ಅಲ್ಲಿನ ಆಗಿನ ಸರ್ವಾಧಿಕಾರಿ ಅಸಾದ್ ಅವರನ್ನು ಭೇಟಿಯಾದದ್ದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ. ಮರುವರ್ಷ, ಸರ್ಕಾರದ ವಿರುದ್ಧ ಬೀದಿಗಿಳಿದಿದ್ದ ಚಳವಳಿಗಾರರ ಗುರುತಾದ ಹಳದಿ ಅಂಗಿ ತೊಟ್ಟು ಸದನಕ್ಕೆ ಬಂದಾಗ ಕಲಾಪವೇ ನಿಂತಿತು, ದಂಡವೂ ಬಿತ್ತು. ಅಧ್ಯಕ್ಷ ಚುನಾವಣೆಗೆ ಎರಡು ಸಲ ನಿಂತರು: 2017ರಲ್ಲಿ ಶೇ 1.21 ಮತ, 2022ರಲ್ಲಿ ಶೇ 3.13. ಪ್ರದರ್ಶನಕ್ಕೆ ಪ್ರೇಕ್ಷಕರು ಹೆಚ್ಚುತ್ತಿದ್ದರು ಎನ್ನಿ.

2022ರ ಎರಡನೇ ಸುತ್ತಿನಲ್ಲಂತೂ ಮಿತಿ ಮೀರಿತು. ಸ್ವಂತ ಹಳ್ಳಿಯ ಮತಗಟ್ಟೆಯೊಳಗೆ ನಿಂತು, ತಾವು ಯಾರಿಗೂ ಮತ ಹಾಕುವುದಿಲ್ಲವೆಂದು ಸಾರುವ ವಿಡಿಯೊ ಮಾಡಿಸಿಕೊಂಡರು. ಅಧ್ಯಕ್ಷ ಚುನಾವಣೆಯ ಮೇಲೆ ಕಣ್ಣಿಡುವ ಸಂವಿಧಾನ ಮಂಡಳಿ ಆ ಮತಗಟ್ಟೆಯ ಫಲಿತಾಂಶವನ್ನೇ ರದ್ದುಮಾಡಿತು. ನಲವತ್ತು ವರ್ಷ ಅವರನ್ನು ಮೇಯರ್ ಆಗಿ ಉಳಿಸಿಕೊಂಡ ನೆರೆಹೊರೆಯವರು ಸಾಲಿನಲ್ಲಿ ನಿಂತು ಹಾಕಿದ ಮತ ಲೆಕ್ಕಕ್ಕೇ ಬರಲಿಲ್ಲ. ಇದಕ್ಕೂ ತಮಾಷೆಯ ಮುಲಾಮು ಹಚ್ಚುವ ಅಭಿಮಾನಿಗಳ ಜೊತೆ ವಾದಕ್ಕೆ ನಾನು ಸಿದ್ಧನಿದ್ದೇನೆ.