ಇಪ್ಪತ್ತೈದು ನಿಮಿಷದ ಯಜಮಾನ

ಐಸ್ ಹಾಕಿಯ ಹೈಲೈಟ್ಸ್ ನೋಡಿ ಡಿಫೆನ್ಸ್‌ಮನ್‌ಗೆ, ಅಂದರೆ ರಕ್ಷಣೆಯ ಆಟಗಾರನಿಗೆ, ಬೆಲೆ ಕಟ್ಟಲು ಹೋದರೆ ಮೋಸ ಹೋಗುತ್ತೇವೆ. ಅಲ್ಲಿ ಅವನು ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಮುಗ್ಗರಿಸಿದಾಗ. ಚೆನ್ನಾಗಿ ಆಡಿದ ದಿನ ಎದುರಾಳಿಯ ದಾಳಿ ಮೂಲೆಯಲ್ಲೇ ಸುಸ್ತಾಗಿರುತ್ತದೆ. ನಡೆಯದೇ ಹೋದದ್ದನ್ನು ಯಾವ ಚಾನೆಲ್ ತಾನೇ ತೋರಿಸೀತು?

ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ತಂಡದಲ್ಲಿ ದಾಳಿಯ ಆಟಗಾರರಾದ ಫಾರ್ವರ್ಡ್‌ಗಳದು ಮೂವರಂತೆ ನಾಲ್ಕು ಸಾಲು, ಡಿಫೆನ್ಸ್‌ಮನ್‌ಗಳದು ಇಬ್ಬರಂತೆ ಮೂರೇ ಜೋಡಿ. 60 ನಿಮಿಷದ ಪಂದ್ಯದಲ್ಲಿ ಒಳ್ಳೆಯ ಫಾರ್ವರ್ಡ್ 20 ನಿಮಿಷದ ಆಸುಪಾಸು ಆಡಿದರೆ, ತಾರಾ ಡಿಫೆನ್ಸ್‌ಮನ್ 25ರ ಹತ್ತಿರ ಹೋಗುತ್ತಾನೆ; ಅದೂ ಹೆಚ್ಚಿನ ಹೊತ್ತು ಎದುರಾಳಿಯ ಅತ್ಯುತ್ತಮ ಸಾಲಿನ ಮುಂದೆ. ಆ ಭಾರ ಅವನು ಹೊತ್ತರೆ ಮೂರನೇ ಜೋಡಿಯವರಿಗೆ ಹಗುರದ ಪಾಳಿ ಸಿಗುತ್ತದೆ. ಅವನ ಮೊಣಕಾಲಿಗೆ ಪೆಟ್ಟಾಯಿತೋ, ಉಳಿದವರೆಲ್ಲ ಒಂದೊಂದು ಮೆಟ್ಟಿಲು ಮೇಲಕ್ಕೆ ಬಂದು ತಮ್ಮ ಅಳವಿಗೆ ಮೀರಿದ ಕೆಲಸಕ್ಕೆ ನಿಲ್ಲಬೇಕು. ಒಬ್ಬನ ಗಾಯ ಆರು ಜನರದ್ದಾಗುವುದು ಹೀಗೆ.

ಅವನ ನಿಜವಾದ ಕಸುಬು ಮೊದಲ ಪಾಸ್. ಎದುರಾಳಿ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಗೋಲಿನ ಹಿಂದಕ್ಕೆ ಎಸೆದು ಬೆನ್ನಟ್ಟುತ್ತಾನೆ. ಕೊಡಗಿನ ಮೈದಾನಗಳಲ್ಲಿ ಹಾಕಿ ನೋಡಿದವರಿಗೆ ಚೆಂಡು ಅಲ್ಲಿಗೆ ಹೋದರೆ ಆಟ ನಿಂತ ಹಾಗೆ. ಇಲ್ಲಿ ಗೋಲಿನ ಹಿಂದೆಯೂ ಆಟ ಉಂಟು. ಪಕ್ ಮುಟ್ಟುವ ಮೊದಲೇ ಡಿಫೆನ್ಸ್‌ಮನ್ ಭುಜದ ಮೇಲಿಂದ ಒಮ್ಮೆ ಹಿಂದಿರುಗಿ ನೋಡಿರಬೇಕು. ನೋಡಿದವನು ನಡುವೆ ಇಳಿದು ಬರುವ ಸೆಂಟರ್‌ನ (ನಡುವಿನ ಫಾರ್ವರ್ಡ್) ಸ್ಟಿಕ್ಕಿಗೇ ತಲುಪಿಸುತ್ತಾನೆ. ನೋಡದವನು ಗಾಬರಿಯಲ್ಲಿ ಗಾಜಿನ ಗೋಡೆಗುಂಟ ಬಡಿಯುತ್ತಾನೆ. ರಕ್ಷಣೆಯ ವಲಯದ ಅಂಚಿನ ನೀಲಿ ಗೆರೆಯಲ್ಲಿ ಕಾದ ಎದುರಾಳಿ ಅದನ್ನು ಹಿಡಿದು ಮತ್ತೆ ಒಳಗೆ ತರುತ್ತಾನೆ. ಇನ್ನೊಂದು ತುದಿಯವರೆಗೆ ಹೊಡೆದುಬಿಟ್ಟರೆ ಐಸಿಂಗ್ ಎಂಬ ತಪ್ಪು: ಆಟ ಮತ್ತೆ ಶುರುವಾಗುವ ಫೇಸ್‌ಆಫ್ ಸ್ವಂತ ಗೋಲಿನ ಬಳಿ, ಮೇಲಾಗಿ ದಣಿದವರನ್ನು ಬದಲಿಸುವಂತಿಲ್ಲ. ಎರಡನೇ ಅವಧಿ ಇನ್ನೂ ಕ್ರೂರ. ತುದಿ ಬದಲಾಗಿ, ಆಟಗಾರರು ಬದಲಾಗುವ ಬೆಂಚು ದೂರವಾಗಿರುತ್ತದೆ. ಮುಕ್ಕಾಲು ನಿಮಿಷದ ಪಾಳಿ ಒಂದೂವರೆ ನಿಮಿಷಕ್ಕೆ ಎಳೆದು, ಕಾಲು ಸೋತು, ಗೋಲು ಬೀಳುತ್ತದೆ. ಬೈಗುಳ ಮಾತ್ರ ಗೋಲ್‌ಕೀಪರ್‌ಗೆ.

ಇಬ್ಬರು ಒಬ್ಬನ ಮೇಲೆ ನುಗ್ಗಿದಾಗ ಡಿಫೆನ್ಸ್‌ಮನ್ ಪಾಸಿನ ದಾರಿ ಮುಚ್ಚಬೇಕು, ಹೊಡೆತವನ್ನು ಗೋಲ್‌ಕೀಪರ್‌ಗೆ ಬಿಡಬೇಕು. ಎರಡನ್ನೂ ತಾನೇ ತಡೆಯಹೊರಟವನು ಎರಡನ್ನೂ ಕಳೆದುಕೊಳ್ಳುತ್ತಾನೆ.

ಈ ವಿದ್ಯೆಯಲ್ಲಿ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರೋಮ್‌ಗೆ ನನ್ನ ಮೊದಲ ಮಣೆ. 20 ಋತು ಡೆಟ್ರಾಯಿಟ್ ಒಂದಕ್ಕೇ ಆಡಿದ. ಇಪ್ಪತ್ತರಲ್ಲೂ ತಂಡ ಪ್ಲೇಆಫ್‌ಗೆ ಹೋಯಿತು, ನಾಲ್ಕು ಸಲ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಅವನಿಗೆ ಏಳು ಬಾರಿ. ಆದರೆ ನನಗೆ ಹೆಚ್ಚು ಹಿಡಿಸುವ ಅಂಕಿ ಬೇರೆ. 1,564 ಪಂದ್ಯಗಳಲ್ಲಿ ಅವನಿಗೆ ಬಿದ್ದ ಶಿಕ್ಷೆ 514 ನಿಮಿಷ, ಅಂದರೆ ಸರಾಸರಿ ಆರು ಪಂದ್ಯಕ್ಕೊಂದು ಎರಡು ನಿಮಿಷದ ಪೆನಾಲ್ಟಿ. ಮೈಗೆ ಮೈ ಗುದ್ದುವ ಆಟದಲ್ಲಿ ಸ್ಟಿಕ್ಕನ್ನು ಸರಿಯಾದ ಜಾಗದಲ್ಲಿಟ್ಟೇ ಬದುಕಿದ ಮನುಷ್ಯ.

ಹಾಗಂತ ಒಬ್ಬನೇ ತಂಡ ಎತ್ತಿಬಿಡುತ್ತಾನೆ ಎಂದಲ್ಲ. ಬಾಬಿ ಓರ್‌ನಂಥ ಡಿಫೆನ್ಸ್‌ಮನ್ ಬಂದ ಮೊದಲ ಋತುವಿನಲ್ಲೇ, 1966–67ರಲ್ಲಿ, ಬಾಸ್ಟನ್ ಕೊನೆಯ ಸ್ಥಾನಕ್ಕಿತ್ತು. ಕಪ್ ಬಂದದ್ದು 1970ಕ್ಕೆ, ಫಾರ್ವರ್ಡ್ ಫಿಲ್ ಎಸ್ಪೊಸಿಟೊ ಮುಂತಾದವರು ಜೊತೆಯಾದ ಮೇಲೆ. 2022–23ರಲ್ಲಿ ಡಿಫೆನ್ಸ್‌ಮನ್ ಎರಿಕ್ ಕಾರ್ಲ್‌ಸನ್ ಗೋಲು, ಅಸಿಸ್ಟ್ ಸೇರಿ 101 ಪಾಯಿಂಟ್ ಗಳಿಸಿದ. ಅವನ ತಂಡ ಸ್ಯಾನ್ ಹೋಸೆ 82 ಪಂದ್ಯಗಳಲ್ಲಿ ಗೆದ್ದದ್ದು 22. ನಾರಿಸ್ ಟ್ರೋಫಿ ಅವನಿಗೇ ಬಂತು. ಆಗಸ್ಟ್‌ನಲ್ಲಿ ತಂಡ ಅವನನ್ನು ಪಿಟ್ಸ್‌ಬರ್ಗ್‌ಗೆ ಸಾಗಹಾಕಿತು.